ಮಲೆನಾಡಿನ ಮೆದು ನೀರು ಮತ್ತು ಕುಬ್ಜ ಸಿಕ್ಲಿಡ್ ಮೀನುಗಳ ಸಾಕಣೆ

ಅಡಿಕೆಯನ್ನೇ ಪ್ರಧಾನವಾಗಿ ನೆಚ್ಚಿಕೊಂಡಿರುವ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಉಪಕಸುಬಿನ ಪ್ರಸ್ತಾಪ ಹೊಸದೇನಲ್ಲ. ಧಾರಣೆ ಕುಸಿದ ವರ್ಷ, ಕೊಳೆರೋಗ ಹೆಚ್ಚಿದ ವರ್ಷ ಈ ಮಾತು ಮತ್ತೆ ಕೇಳಿಬರುತ್ತದೆ. ಜೇನು, ಹಾಳೆತಟ್ಟೆ, ಅಪ್ಪೆಮಿಡಿ ಉಪ್ಪಿನಕಾಯಿ, ಹೆಗ್ಗೋಡಿನ ಸುತ್ತಲಿನ ಕೈಮಗ್ಗ ಇವೆಲ್ಲ ಮನೆಯ ಆವರಣದಲ್ಲಿಯೇ ಬೇರುಬಿಟ್ಟ ಕಸುಬುಗಳು. ಇದಕ್ಕೆ ವಿರುದ್ಧವಾಗಿ, 2003ರ ಸುಮಾರಿಗೆ ಗಗನಕ್ಕೇರಿದ್ದ ವೆನಿಲ್ಲಾ ಬೆಲೆ ಮುಂದಿನ ಎರಡು ಮೂರು ವರ್ಷಗಳಲ್ಲಿ ನೆಲಕಚ್ಚಿದ್ದನ್ನೂ ನಮ್ಮ ಭಾಗದ ಕೃಷಿಕರು ಮತ್ತು ವರ್ತಕರು ಕಂಡಿದ್ದಾರೆ. ಆದ್ದರಿಂದ ಯಾವುದೇ ಹೊಸ ಕಸುಬನ್ನು ಸೂಚಿಸುವಾಗ ಅದಕ್ಕೆ ನಮ್ಮ ನೆಲದಲ್ಲಿ ಇರುವ ಸಹಜ ಅನುಕೂಲವೇನು, ಅದರ ಮಿತಿಯೇನು ಎಂಬೆರಡನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ.

ಅಲಂಕಾರಿಕ ಮೀನುಗಳ ಪೈಕಿ 'ಕುಬ್ಜ ಸಿಕ್ಲಿಡ್' ಎಂದು ಕರೆಯಲಾಗುವ ಗುಂಪನ್ನು ಮನೆಯ ಗಾಜಿನ ತೊಟ್ಟಿಗಳಲ್ಲಿ ಸಾಕಿ ಮರಿ ಮಾಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಈ ಮೀನುಗಳಿಗೆ ಬೇಕಾದ ಮುಖ್ಯ ವಸ್ತು ಲವಣಾಂಶ ಕಡಿಮೆ ಇರುವ ಮೆದು ನೀರು. ನಗರದ ಸಾಕಣೆದಾರರು ಯಂತ್ರವಿಟ್ಟು, ವಿದ್ಯುತ್ತಿಗೆ ಹಣ ತೆತ್ತು ತಯಾರಿಸಿಕೊಳ್ಳುವ ಈ ನೀರು ನಮ್ಮಲ್ಲಿ ವರ್ಷದ ನಾಲ್ಕೈದು ತಿಂಗಳು ಹಂಚಿನ ಮಾಡಿನಿಂದ ಇಳಿದು ಚರಂಡಿಗೆ ಹೋಗುತ್ತದೆ.

ಕುಬ್ಜ ಸಿಕ್ಲಿಡ್ ಎಂದರೇನು?

ಸಿಕ್ಲಿಡ್ ಎಂಬುದು ಆಫ್ರಿಕಾ, ದಕ್ಷಿಣ ಮತ್ತು ಮಧ್ಯ ಅಮೆರಿಕ, ಮಡಗಾಸ್ಕರ್ ಹಾಗೂ ದಕ್ಷಿಣ ಏಷ್ಯಾಗಳಲ್ಲಿ ಹಬ್ಬಿರುವ ದೊಡ್ಡ ಮೀನು ಕುಟುಂಬ. ಆಹಾರಕ್ಕಾಗಿ ಬಳಸುವ ತಿಲಾಪಿಯಾ, ಅಕ್ವೇರಿಯಂಗಳಲ್ಲಿ ಕಾಣುವ ಏಂಜೆಲ್, ಆಸ್ಕರ್, ಡಿಸ್ಕಸ್ ಮೀನುಗಳು ಇದೇ ಕುಟುಂಬಕ್ಕೆ ಸೇರಿವೆ. ಮೊಟ್ಟೆ ಮತ್ತು ಮರಿಗಳನ್ನು ತಂದೆತಾಯಿಗಳು ಕಾಯುವುದು ಈ ಕುಟುಂಬದ ವಿಶೇಷ ಲಕ್ಷಣ. ಇವುಗಳಲ್ಲಿ ಪೂರ್ಣ ಬೆಳೆದರೂ ಸುಮಾರು 10 ಸೆಂ.ಮೀ. ಮೀರದ ಜಾತಿಗಳನ್ನು ವ್ಯವಹಾರದಲ್ಲಿ ಕುಬ್ಜ ಸಿಕ್ಲಿಡ್ ಎನ್ನುತ್ತಾರೆ. ಇದು ಸಾಕಣೆದಾರರ ರೂಢಿಯ ಹೆಸರು, ವಿಜ್ಞಾನದ ವರ್ಗೀಕರಣವಲ್ಲ.

ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ದಕ್ಷಿಣ ಅಮೆರಿಕದ 'ಅಪಿಸ್ಟೊಗ್ರಾಮ' ಕುಲ. ಇದರಲ್ಲಿ ತೊಂಬತ್ತಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಲಾಗಿದೆ. ಕಾಡಿನ ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ಸಣ್ಣ ತೊರೆಗಳು, ತರಗೆಲೆ ತುಂಬಿದ ದಡಗಳು ಇವುಗಳ ನೆಲೆ. ಎರಡನೆಯದು ವೆನಿಜುವೆಲಾ ಮತ್ತು ಕೊಲಂಬಿಯಾದ ಬಯಲು ಹೊಳೆಗಳ 'ರ‍್ಯಾಮ್' ಮೀನು. ವಿಜ್ಞಾನಿಗಳು ಇದನ್ನು 1948ರಲ್ಲಿ ವಿವರಿಸಿದರು. ಮೂರನೆಯದು ಪಶ್ಚಿಮ ಆಫ್ರಿಕಾದ 'ಕ್ರಿಬೆನ್ಸಿಸ್'. ಅಂಗಡಿಗಳಲ್ಲಿ ಇದನ್ನು ಚುಟುಕಾಗಿ ಕ್ರಿಬ್ ಎನ್ನುವುದುಂಟು.

ಭಾರತದಲ್ಲಿ ಸಹಜವಾಗಿ ಇರುವ ಸಿಕ್ಲಿಡ್ ಜಾತಿಗಳು ಕೇವಲ ಮೂರು. ಕೇರಳದಲ್ಲಿ ಕರಿಮೀನ್ ಎಂದು ಹೆಸರಾದ ಹಸಿರು ಕ್ರೊಮೈಡ್ ಮೊದಲನೆಯದು. ಸುಮಾರು 8 ಸೆಂ.ಮೀ. ಬೆಳೆಯುವ ಕಿತ್ತಳೆ ಕ್ರೊಮೈಡ್ ಎರಡನೆಯದು. ಮೂರನೆಯದು ಕರ್ನಾಟಕದ ಕರಾವಳಿ ಭಾಗದ ಹೊಳೆಗಳಲ್ಲಿ ದೊರೆಯುವ ಕೆನರಾ ಪರ್ಲ್‌ಸ್ಪಾಟ್. ಫ್ರಾನ್ಸಿಸ್ ಡೇ 1877ರಲ್ಲಿ ಈ ಮೀನನ್ನು ವಿವರಿಸಿ ಕೆನರಾ ಪ್ರಾಂತದ ಹೆಸರನ್ನೇ ಅದಕ್ಕೆ ಇಟ್ಟನು. ಈ ಮೀನಿನ ವಿಷಯಕ್ಕೆ ಮುಂದೆ ಬರೋಣ.

ನಮ್ಮ ನೀರಿನ ಗುಣ

ನೀರಿನಲ್ಲಿ ಕರಗಿರುವ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ ಹೆಚ್ಚಿದ್ದರೆ ಅದು ಗಡಸು ನೀರು. ಕಡಿಮೆಯಿದ್ದರೆ ಮೆದು ನೀರು. ಬೇಳೆ ಬೇಗ ಬೇಯುವ, ಸಾಬೂನು ಚೆನ್ನಾಗಿ ನೊರೆ ಕೊಡುವ ನೀರು ಮೆದುವಾದುದೆಂದು ಮನೆಯ ಹೆಂಗಸರು ಪರೀಕ್ಷೆಯಿಲ್ಲದೆಯೇ ಹೇಳಬಲ್ಲರು. ಪಿಎಚ್ ಎಂಬುದು ನೀರಿನ ಆಮ್ಲ ಅಥವಾ ಕ್ಷಾರ ಗುಣದ ಅಳತೆ. 7 ಎಂದರೆ ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ನೆನಪಿಡಬೇಕು.

ಅಪಿಸ್ಟೊಗ್ರಾಮ ಮತ್ತು ರ‍್ಯಾಮ್ ಮೀನುಗಳು ಗಡಸು ನೀರಿನಲ್ಲಿಯೂ ಕೆಲಕಾಲ ಬದುಕಬಲ್ಲವು. ಆದರೆ ಅಂಥ ನೀರಿನಲ್ಲಿ ಇಟ್ಟ ಮೊಟ್ಟೆಗಳು ಫಲಿತವಾಗದೆ ಬೆಳ್ಳಗಾಗಿ ಬೂಷ್ಟು ಹಿಡಿಯುವುದು ಸಾಮಾನ್ಯ. ಮೆದುವಾದ, ಪಿಎಚ್ 5.5ರಿಂದ 6.8ರವರೆಗಿನ ನೀರಿನಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳ ಹಾವಳಿ ಕಡಿಮೆ. ಮೊಟ್ಟೆಯೊಡೆಯುವ ಪ್ರಮಾಣ ಹೆಚ್ಚು. ಬೆಂಗಳೂರಿನಂಥ ಊರುಗಳಲ್ಲಿ ಬೋರ್‌ವೆಲ್ ನೀರನ್ನೇ ಅವಲಂಬಿಸಿದವರು ಇದಕ್ಕಾಗಿ ಆರ್.ಓ. ಯಂತ್ರ ಅಳವಡಿಸುತ್ತಾರೆ. ಒಂದು ಲೀಟರು ಶುದ್ಧ ನೀರು ಪಡೆಯಲು ಎರಡು ಮೂರು ಲೀಟರು ನೀರು ವ್ಯರ್ಥವಾಗಿ ಹರಿದುಹೋಗುತ್ತದೆ.

ಮಲೆನಾಡಿನ ಪರಿಸ್ಥಿತಿ ಬೇರೆ. ಬಹುಕಾಲ ಮಳೆಯಲ್ಲಿ ತೊಳೆದುಹೋದ ಜಂಬಿಟ್ಟಿಗೆ ನೆಲದಲ್ಲಿ ಸುಣ್ಣದ ಅಂಶ ಕಡಿಮೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಮಳೆಯ ಸರಾಸರಿ 7,000 ಮಿ.ಮೀ. ಮೀರುತ್ತದೆ. ಇಂಥ ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು ಹಾಗೂ ತುಸು ಆಮ್ಲೀಯ. ಆಳದ ಕೊಳವೆಬಾವಿಯ ನೀರನ್ನು ಮಾತ್ರ ಹೀಗೆ ನಂಬುವಂತಿಲ್ಲ. ಅದರಲ್ಲಿ ಕಬ್ಬಿಣ ಅಥವಾ ಗಡಸುತನ ಇರಬಹುದು. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಟಿ.ಡಿ.ಎಸ್. ಮಾಪಕ ಮತ್ತು ಪಿಎಚ್ ಪರೀಕ್ಷೆಯ ದ್ರಾವಣಗಳನ್ನು ಮೊದಲು ಕೊಂಡು, ತಮ್ಮ ಬಾವಿಯ ನೀರನ್ನು ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಅಳೆದು ಬರೆದಿಡುವುದು ಈ ಕಸುಬಿನ ಮೊದಲ ಹೆಜ್ಜೆ.

ಮಳೆನೀರಿನ ಸಂಗ್ರಹ

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರು ನೀರು. 100 ಚದರ ಮೀಟರಿನ ಹಂಚಿನ ಮಾಡಿನ ಮೇಲೆ 1,000 ಮಿ.ಮೀ. ಮಳೆ ಬಿದ್ದರೆ, ನಷ್ಟವನ್ನು ಕಳೆಯುವ ಮುನ್ನ, ಒಂದು ಲಕ್ಷ ಲೀಟರು. ಇದಕ್ಕೆ ಹೋಲಿಸಿದರೆ ಸಾಕಣೆಗೆ ಬೇಕಾದುದು ಅತ್ಯಲ್ಪ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರು ನೀರು ನಿಲ್ಲುತ್ತದೆ. ಇಂಥ ಹತ್ತು ತೊಟ್ಟಿಗಳಲ್ಲಿ ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿದರೆ 125 ಲೀಟರು. ಡಿಸೆಂಬರಿನಿಂದ ಮೇವರೆಗಿನ 26 ವಾರಗಳಿಗೆ 3,250 ಲೀಟರು ಸಾಕು. ಮರಿಗಳ ತೊಟ್ಟಿಗೆ ಹೆಚ್ಚು ನೀರು ಬೇಕೆಂದು ಇದನ್ನು ಇಮ್ಮಡಿಸಿದರೂ 6,500 ಲೀಟರಿಗೆ ಮೀರದು. ಬಾವಿಯ ನೀರನ್ನು ಅರ್ಧದಷ್ಟು ಬೆರೆಸುವವರಿಗೆ 2,000 ಲೀಟರಿನ ಎರಡು ಪ್ಲಾಸ್ಟಿಕ್ ಟ್ಯಾಂಕುಗಳು ಬೇಸಿಗೆ ದಾಟಿಸುತ್ತವೆ.

ಸಂಗ್ರಹದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಮುಂಗಾರಿನ ಮೊದಲ ಒಂದೆರಡು ವಾರದ ನೀರು ಮಾಡಿನ ಧೂಳು, ಎಲೆ, ಹಕ್ಕಿಯ ಹಿಕ್ಕೆಗಳನ್ನು ತೊಳೆದು ತರುವುದರಿಂದ ಅದನ್ನು ಬಿಟ್ಟುಬಿಡಬೇಕು. ಹೊಸ ಸಿಮೆಂಟ್ ತೊಟ್ಟಿಯಲ್ಲಿ ತುಂಬಿಟ್ಟರೆ ಸಿಮೆಂಟಿನ ಸುಣ್ಣ ಕರಗಿ ಮೆದು ನೀರೂ ಗಡಸಾಗುತ್ತದೆ. ಮುಚ್ಚಳವುಳ್ಳ ಪ್ಲಾಸ್ಟಿಕ್ ಟ್ಯಾಂಕು ಉತ್ತಮ. ಬರಿಯ ಮಳೆನೀರಿನಲ್ಲಿ ಲವಣವೇ ಇಲ್ಲದಿರುವುದರಿಂದ ಅದರ ಪಿಎಚ್ ಒಮ್ಮೆಲೇ ಕುಸಿಯಬಹುದು. ಆದ್ದರಿಂದ ಅದಕ್ಕೆ ಸ್ವಲ್ಪ ಬಾವಿನೀರು ಬೆರೆಸಿಯೇ ಉಪಯೋಗಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಅಡಿಕೆ ಸೀಮೆಗೇ ವಿಶೇಷವಾದುದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ತಾಮ್ರದ ಲವಣ. ತಾಮ್ರ ಮೀನುಗಳಿಗೆ, ಅದರಲ್ಲೂ ಮರಿಗಳಿಗೆ ವಿಷ. ಗಡಸು ನೀರಿನಲ್ಲಿ ಸುಣ್ಣದ ಅಂಶ ಅದರ ಉಗ್ರತೆಯನ್ನು ತಗ್ಗಿಸುತ್ತದೆ. ಮೆದು ನೀರಿನಲ್ಲಿ ಆ ರಕ್ಷಣೆಯಿಲ್ಲ. ನಮ್ಮ ನೀರಿನ ಯಾವ ಗುಣ ಅನುಕೂಲವೋ ಅದೇ ಇಲ್ಲಿ ಅಪಾಯ. ತೋಟದ ಅಂಚಿನ ಮನೆಗಳಲ್ಲಿ ಔಷಧಿ ಹೊಡೆಯುವ ದಿನ ಮಾಡಿನ ನೀರಿನ ಕೊಳವೆಯನ್ನು ಟ್ಯಾಂಕಿನಿಂದ ಬೇರ್ಪಡಿಸಬೇಕು. ಜೋರು ಮಳೆಯಲ್ಲಿ ಮಾಡು ಎರಡು ಮೂರು ದಿನ ಚೆನ್ನಾಗಿ ತೊಳೆದುಹೋದ ಮೇಲೆಯೇ ಮತ್ತೆ ಜೋಡಿಸಬೇಕು. ದ್ರಾವಣ ಕಲಸಿದ ಡ್ರಮ್ಮು, ಕೊಡ, ಪಂಪುಗಳನ್ನು ಮೀನಿನ ಕೆಲಸಕ್ಕೆ ಎಂದಿಗೂ ಬಳಸಬಾರದು.

ತೊಟ್ಟಿಯ ಸಿದ್ಧತೆ

ಒಂದು ಜೋಡಿಗೆ ಮೇಲೆ ಹೇಳಿದ ಎರಡಡಿಯ ತೊಟ್ಟಿ ಸಾಕು. ಈ ಮೀನುಗಳು ತಳದಲ್ಲಿ ವಾಸಿಸುವುದರಿಂದ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ. ತಳಕ್ಕೆ ತೊಳೆದ ನಯವಾದ ಹೊಳೆಮರಳನ್ನು ತೆಳುವಾಗಿ ಹರಡಬೇಕು. ಅಪಿಸ್ಟೊಗ್ರಾಮ ಮೀನು ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರಿನ ಮೂಲಕ ಜರಡಿ ಹಿಡಿದು ಆಹಾರ ಹುಡುಕುತ್ತದೆ. ಚೂಪಾದ ಜಲ್ಲಿ ಅದಕ್ಕೆ ಹಾನಿಕರ. ಚಿಪ್ಪು, ಸುಣ್ಣಕಲ್ಲು, ಹವಳದ ತುಂಡುಗಳನ್ನು ಹಾಕಿದರೆ ನೀರು ಗಡಸಾಗುತ್ತದೆ.

ಈ ಮೀನುಗಳಿಗೆ ಬೇಕಾದ ಉಳಿದ ಸಾಮಗ್ರಿಗಳೂ ಹಿತ್ತಿಲಿನಲ್ಲಿಯೇ ಇವೆ. ಮೊಟ್ಟೆಯಿಡಲು ಗುಹೆ ಬೇಕು; ಕುದಿಸಿ ತೊಳೆದ ತೆಂಗಿನ ಕರಟದ ಅಂಚಿನಲ್ಲಿ ಮೂರು ಸೆಂ.ಮೀ. ಅಗಲದ ಬಾಯಿ ಕೊರೆದು ಬೋರಲು ಇಟ್ಟರೆ ಗುಹೆ ಸಿದ್ಧ. ಒಣಗಿ ಉದುರಿದ ಕಾಡುಬಾದಾಮಿ ಎಲೆ ನೀರಿಗೆ ಚಹಾದ ಬಣ್ಣ ಕೊಟ್ಟು ಬೂಷ್ಟನ್ನು ತಗ್ಗಿಸುತ್ತದೆ, ಮರಿಗಳಿಗೆ ಮರೆಯನ್ನೂ ಒದಗಿಸುತ್ತದೆ. ಈ ಎಲೆ ಸ್ವತಃ ವ್ಯಾಪಾರದ ವಸ್ತುವೆಂಬುದನ್ನು ವರ್ತಕರು ಗಮನಿಸಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಇದನ್ನು ಕಟ್ಟುಕಟ್ಟಾಗಿ ಮಾರುತ್ತಾರೆ. ಔಷಧಿ ಸಿಂಪಡಿಸದ ಮರದ ಎಲೆಯನ್ನೇ ಆರಿಸಿಕೊಳ್ಳಬೇಕು.

ನೀರಿನ ಶುದ್ಧೀಕರಣಕ್ಕೆ ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರ್ ಸಾಕು. ಅದು ಮರಿಗಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡಬಾರದು. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ಉಂಟಾಗುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಮ್ಲೀಯ ನೀರಿನಲ್ಲಿ ಇದು ಇನ್ನೂ ನಿಧಾನ. ಹಳೆಯ ತೊಟ್ಟಿಯಲ್ಲಿ ಪಳಗಿದ ಸ್ಪಂಜನ್ನು ಹೊಸ ತೊಟ್ಟಿಗೆ ಹಾಕಿದರೆ ಅವಧಿ ಕಡಿಮೆಯಾಗುತ್ತದೆ. ಆರಂಭಿಕರ ಮೀನುಗಳು ಸಾಯಲು ರೋಗಕ್ಕಿಂತ ಈ ಆತುರವೇ ಹೆಚ್ಚಾಗಿ ಕಾರಣ.

ಜಾತಿಗಳ ಆಯ್ಕೆ

ಮೊದಲು ಪ್ರಯತ್ನಿಸುವವರಿಗೆ ಪೆರು ದೇಶದ ಮೂಲದ 'ಅಪಿಸ್ಟೊಗ್ರಾಮ ಕಕಟುವಾಯ್ಡಿಸ್' ಸೂಕ್ತ. ಗಂಡು 8 ಸೆಂ.ಮೀ., ಹೆಣ್ಣು 5 ಸೆಂ.ಮೀ.ವರೆಗೆ ಬೆಳೆಯುತ್ತವೆ; ನೀರಿನ ಸಣ್ಣ ಏರುಪೇರನ್ನು ಸಹಿಸುತ್ತವೆ. ಪರಾಗ್ವೆ ಸೀಮೆಯ 'ಬೊರೆಲ್ಲಿ' ಇತರ ಜಾತಿಗಳಿಗಿಂತ ತಂಪನ್ನು ಚೆನ್ನಾಗಿ ತಾಳುವುದರಿಂದ ನಮ್ಮ ಚಳಿಗಾಲಕ್ಕೆ ಹೊಂದುತ್ತದೆ. ಕ್ರಿಬೆನ್ಸಿಸ್ ಗಟ್ಟಿ ಮೀನು, ಬೇಗ ಮರಿ ಮಾಡುತ್ತದೆ; ಆದರೆ ಇದನ್ನು ತಟಸ್ಥಕ್ಕೆ ಸಮೀಪದ ನೀರಿನಲ್ಲಿ ಇಡಬೇಕು. ಹೆಚ್ಚು ಆಮ್ಲೀಯ ನೀರಿನಲ್ಲಿ ಇದರ ಮರಿಗಳಲ್ಲಿ ಗಂಡುಗಳೇ ಅಧಿಕವಾಗುತ್ತವೆ. ರ‍್ಯಾಮ್ ನೋಡಲು ಅತಿ ಸುಂದರವಾದರೂ 27ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಡುವ ನಾಜೂಕು ಮೀನು. ಅನುಭವ ಬಂದ ಮೇಲೆ ಕೈಹಾಕುವುದು ಲೇಸು.

ಮೂಲ ಮೀನುಗಳನ್ನು ಕೊಳ್ಳುವಾಗ ಬೆಳೆದ ಜೋಡಿಗಿಂತ ಆರೆಂಟು ಎಳೆಯ ಮೀನುಗಳನ್ನು ತಂದು ತಾವೇ ಜೋಡಿಯಾಗಲು ಬಿಡುವುದು ಒಳ್ಳೆಯದು. ಬಣ್ಣ ಏರಿಸಲು ಹಾರ್ಮೋನು ಕೊಟ್ಟ ಮೀನುಗಳೂ ಮಾರುಕಟ್ಟೆಗೆ ಬರುವುದುಂಟು. ಅವು ಮರಿ ಮಾಡುವ ಭರವಸೆಯಿಲ್ಲ. ವಿದೇಶದಿಂದ ಜೀವಂತ ಮೀನು ತರಿಸಲು ಸರ್ಕಾರದ ಅನುಮತಿ ಅಗತ್ಯವಾದ್ದರಿಂದ ಬಿಲ್ಲಿಲ್ಲದ, ಮೂಲ ಗೊತ್ತಿಲ್ಲದ ಸರಕನ್ನು ಕೊಳ್ಳಬಾರದು. ಹೊಸದಾಗಿ ತಂದ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮರಿ ಮಾಡಿಸುವ ಕ್ರಮ

ಮುಂಗಾರಿನ ಮೊದಲ ಮಳೆಗೆ ಹೊಳೆಯ ಮೀನುಗಳು ಹಳ್ಳ ಹತ್ತಿ ಗದ್ದೆಗೆ ಬರುವುದನ್ನು, ಜನ ಹತ್ತುಮೀನು ಹಿಡಿಯಲು ಕತ್ತಲಲ್ಲಿ ಹೋಗುವುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಹೊಸನೀರು ಮೀನಿಗೆ ಸಂತಾನದ ಕಾಲ ಬಂದಿತೆಂಬ ಸೂಚನೆ. ತೊಟ್ಟಿಯಲ್ಲಿಯೂ ಇದೇ ತತ್ತ್ವ. ಎರಡು ವಾರ ಪುಷ್ಟಿಕರವಾದ ಜೀವಂತ ಆಹಾರ ಕೊಟ್ಟು, ಬಳಿಕ ತುಸು ತಂಪಾದ ಮಳೆನೀರಿನಿಂದ ಮೂರರಲ್ಲೊಂದು ಭಾಗ ನೀರು ಬದಲಾಯಿಸಿದರೆ ಅನೇಕ ಜೋಡಿಗಳು ಕೆಲವೇ ದಿನಗಳಲ್ಲಿ ಮೊಟ್ಟೆಯಿಡುತ್ತವೆ.

ಅಪಿಸ್ಟೊಗ್ರಾಮ ಹೆಣ್ಣು ಕರಟದ ಒಳಛಾವಣಿಗೆ ಐವತ್ತರಿಂದ ನೂರೈವತ್ತು ಮೊಟ್ಟೆಗಳನ್ನು ಅಂಟಿಸುತ್ತದೆ. ಆಗ ಅದರ ಮೈ ಉಜ್ಜ್ವಲ ಹಳದಿಗೆ ತಿರುಗಿ ಕಪ್ಪು ಗುರುತುಗಳು ಎದ್ದು ಕಾಣುತ್ತವೆ. ಮೊಟ್ಟೆಗಳ ಕಾವಲು, ರೆಕ್ಕೆ ಬೀಸಿ ನೀರಾಡಿಸುವುದು, ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುವುದು ಎಲ್ಲವೂ ಹೆಣ್ಣಿನ ಕೆಲಸ. ಗಂಡು ಸುತ್ತಲಿನ ಎಲ್ಲೆಯನ್ನು ಕಾಯುತ್ತದೆ. ಸಣ್ಣ ತೊಟ್ಟಿಯಲ್ಲಿ ಹೆಣ್ಣು ಗಂಡನ್ನೇ ಅಟ್ಟಿ ಗಾಯಗೊಳಿಸುವುದರಿಂದ ಅದನ್ನು ಬೇರೆಡೆಗೆ ಸಾಗಿಸಬೇಕಾಗಬಹುದು. ರ‍್ಯಾಮ್ ಮೀನಿನ ರೀತಿ ಬೇರೆ: ಚಪ್ಪಟೆ ಕಲ್ಲಿನ ಮೇಲೆ ಬಯಲಿನಲ್ಲಿಯೇ ಮೊಟ್ಟೆಯಿಟ್ಟು ಗಂಡುಹೆಣ್ಣು ಎರಡೂ ಕಾಯುತ್ತವೆ.

26 ಡಿಗ್ರಿ ಉಷ್ಣತೆಯಲ್ಲಿ ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆಯುತ್ತದೆ. ಮತ್ತೆ ಐದಾರು ದಿನ ಮರಿಗಳು ಹೊಟ್ಟೆಯಲ್ಲಿನ ಬಂಡಾರವನ್ನೇ ಉಂಡು ಬದುಕುತ್ತವೆ. ಈಜಲು ಆರಂಭಿಸಿದ ದಿನದಿಂದ ಆಗತಾನೇ ಒಡೆದ ಆರ್ಟೀಮಿಯಾ ಮರಿಗಳನ್ನು ದಿನಕ್ಕೆ ಎರಡು ಮೂರು ಬಾರಿ ಕೊಡಬೇಕು. ಇದರ ಒಣ ಮೊಟ್ಟೆ ಡಬ್ಬಿಗಳಲ್ಲಿ ದೊರೆಯುತ್ತದೆ. ಉಪ್ಪುನೀರಿನಲ್ಲಿ ಗಾಳಿಯಾಡಿಸಿದರೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಮರಿಗಳ ತೊಟ್ಟಿಯಲ್ಲಿ ಉಳಿದ ಆಹಾರವನ್ನು ದಿನವೂ ಸಣ್ಣ ಕೊಳವೆಯಿಂದ ಹೀರಿ ತೆಗೆದು, ಅಷ್ಟೇ ಉಷ್ಣತೆಯ ಹೊಸನೀರು ನಿಧಾನವಾಗಿ ಸೇರಿಸಬೇಕು. ಮೊದಲ ಒಂದೆರಡು ಸಲ ಮೊಟ್ಟೆಗಳನ್ನು ತಂದೆತಾಯಿಗಳೇ ತಿಂದುಹಾಕುವುದು ಅಪರೂಪವಲ್ಲ. ಎಳೆಯ ಜೋಡಿಗೆ ಇನ್ನೂ ಅವಕಾಶ ಕೊಡಬೇಕು.

ಉಷ್ಣತೆ ಮತ್ತು ಗಂಡುಹೆಣ್ಣುಗಳ ಪ್ರಮಾಣ

ವ್ಯಾಪಾರದ ದೃಷ್ಟಿಯಿಂದ ಅತಿ ಮುಖ್ಯವಾದ ಸಂಗತಿಯೊಂದು ಇಲ್ಲಿದೆ. ಅಪಿಸ್ಟೊಗ್ರಾಮ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದರ ಮೇಲೆ ಮೊದಲ ವಾರಗಳ ಉಷ್ಣತೆ ಪ್ರಭಾವ ಬೀರುತ್ತದೆ. 1996ರಲ್ಲಿ ಜರ್ಮನಿಯ ಉವೆ ರೋಮರ್ ಮತ್ತು ವುಲ್ಫ್‌ಗಾಂಗ್ ಬೈಸೆನ್‌ಹೆರ್ತ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ 37 ಜಾತಿಗಳ ಪೈಕಿ 33ರಲ್ಲಿ ಈ ಪ್ರಭಾವ ಕಂಡುಬಂದಿತು. ತಂಪು ನೀರಿನಲ್ಲಿ ಹೆಣ್ಣುಗಳು, ಬಿಸಿ ನೀರಿನಲ್ಲಿ ಗಂಡುಗಳು ಹೆಚ್ಚಾಗುತ್ತವೆ. ಸುಮಾರು 26 ಡಿಗ್ರಿಯಲ್ಲಿ ಎರಡೂ ಸಮಸಮವಾಗುವ ಸಂಭವ ಹೆಚ್ಚು.

ಮಾರುಕಟ್ಟೆಯಲ್ಲಿ ಈ ಮೀನು ಜೋಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಗಂಡಿಗೆ ಬಣ್ಣವಿದೆ, ಆದರೆ ಹೆಣ್ಣಿಲ್ಲದ ಗಂಡಿಗೆ ಸಾಕಣೆದಾರರಿಂದ ಬೇಡಿಕೆ ಕಡಿಮೆ. ನಲವತ್ತು ಮರಿಗಳಲ್ಲಿ ಮೂವತ್ತೈದು ಒಂದೇ ಲಿಂಗದವಾದರೆ ಕೈಗೆ ದೊರೆಯುವುದು ಐದೇ ಜೋಡಿ. ಆದ್ದರಿಂದ ಮೊದಲ ನಾಲ್ಕೈದು ವಾರ ಉಷ್ಣತೆಯನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಸ್ಥಿರವಾಗಿಡುವುದು ಕೇವಲ ಆರೋಗ್ಯದ ಮಾತಲ್ಲ. ಆದಾಯದ ಮಾತೂ ಹೌದು.

ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ನಮ್ಮಲ್ಲಿ ನೀರು ಇದಕ್ಕಿಂತ ಬಹಳ ಕೆಳಗೆ ತಣಿಯುತ್ತದೆ, ಹೀಟರ್ ಅನಿವಾರ್ಯ. 50 ವಾಟಿನ ಹೀಟರ್ ದಿನಕ್ಕೆ 12 ಗಂಟೆ ಉರಿದರೆ 0.6 ಯೂನಿಟ್. ಹತ್ತು ತೊಟ್ಟಿಗೆ ದಿನಕ್ಕೆ 6, ತಿಂಗಳಿಗೆ 180 ಯೂನಿಟ್. ತೊಟ್ಟಿಗಳನ್ನೆಲ್ಲ ಒಂದು ಸಣ್ಣ ಕೋಣೆಯಲ್ಲಿ ಕಪಾಟಿನಂತೆ ಜೋಡಿಸಿ, ಮೂರು ಬದಿಗೆ ಥರ್ಮೋಕೋಲ್ ಹಚ್ಚಿ, ಮೇಲೆ ಗಾಜು ಮುಚ್ಚಿದರೆ ಈ ಖರ್ಚು ಗಣನೀಯವಾಗಿ ತಗ್ಗುತ್ತದೆ. ಶರಾವತಿಯ ವಿದ್ಯುತ್ತು ನಾಡಿಗೆಲ್ಲ ಹೋದರೂ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಿರುವುದು ನಮ್ಮ ಹಳ್ಳಿಗಳ ಅನುಭವ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಈ ಕಸುಬಿನಲ್ಲಿ ಐಷಾರಾಮದ ವಸ್ತುವಲ್ಲ.

ಲೆಕ್ಕಾಚಾರ

ಹತ್ತು ತೊಟ್ಟಿಗಳ ಘಟಕದಲ್ಲಿ ಮೂರು ಜೋಡಿಗಳಿಗೆ, ಒಂದು ಹೊಸ ಮೀನುಗಳ ಪ್ರತ್ಯೇಕ ವಾಸಕ್ಕೆ, ಒಂದು ತುರ್ತಿಗೆ ಎಂದು ಬಿಟ್ಟರೆ ಮರಿ ಬೆಳೆಸಲು ಉಳಿಯುವುದು ಐದು. ಪ್ರತಿಯೊಂದರಲ್ಲಿ ನಲವತ್ತು ಮರಿಗಳಂತೆ ಇನ್ನೂರು. ಇವು ಮಾರುವ ಗಾತ್ರಕ್ಕೆ ಬರಲು ನಾಲ್ಕೈದು ತಿಂಗಳು ಬೇಕು. ಅಂದರೆ ಎಲ್ಲವೂ ಸುಸೂತ್ರವಾದರೂ ತಿಂಗಳಿಗೆ ಸರಾಸರಿ ನಲವತ್ತು ಮೀನು, ಜೋಡಿಯ ಲೆಕ್ಕದಲ್ಲಿ ಇಪ್ಪತ್ತು. ಹಾಕಿದ ಬಂಡವಾಳ ಮೊದಲ ಆರೇಳು ತಿಂಗಳು ನೀರಿನಲ್ಲಿಯೇ ಇರುತ್ತದೆ.

ಈ ಅಂಕಿಯನ್ನು ತಮ್ಮ ಸೀಮೆಯ ಸಗಟು ಖರೀದಿದಾರರು ಕೊಡುವ ಬೆಲೆಯಿಂದ ಗುಣಿಸಿ, ವಿದ್ಯುತ್ತು, ಆರ್ಟೀಮಿಯಾ, ಸಾಗಣೆ ಮತ್ತು ಸತ್ತ ಮೀನಿನ ಬಾಬ್ತನ್ನು ಕಳೆದು ನೋಡಿದ ಮೇಲೆಯೇ ಗಾಜು ಕತ್ತರಿಸಲು ಹೇಳಬೇಕು. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಬೆಲೆಯನ್ನು ಉತ್ಪಾದಕನ ಆದಾಯವೆಂದು ಭ್ರಮಿಸಬಾರದು. ಮನೆಮಂದಿ ದಿನಕ್ಕೆ ಒಂದೂವರೆ ಎರಡು ಗಂಟೆ ಕೊಡಬಲ್ಲ ಕುಟುಂಬಕ್ಕೆ ಇದು ಒಳ್ಳೆಯ ಉಪಕಸುಬು. ಕೂಲಿಗೆ ಜನ ಇಟ್ಟು ನಡೆಸುವ ಗಾತ್ರದ್ದಲ್ಲ. ನಾಲ್ಕಾರು ಮನೆಗಳವರು ಬೇರೆ ಬೇರೆ ಜಾತಿಗಳನ್ನು ಬೆಳೆಸಿ ಒಟ್ಟಿಗೆ ಕಳುಹಿಸಿದರೆ ಸಾಗಣೆಯ ವೆಚ್ಚ ಹಂಚಿಹೋಗುತ್ತದೆ, ಖರೀದಿದಾರನಿಗೂ ಆಯ್ಕೆ ದೊರೆಯುತ್ತದೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಿಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂ. ಘಟಕ ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನದ ಅವಕಾಶ ಕಲ್ಪಿಸಲಾಯಿತು. ಅನುದಾನದ ಲಭ್ಯತೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಆಯಾ ಕಾಲಕ್ಕೆ ವಿಚಾರಿಸತಕ್ಕದ್ದು. ಸಹಾಯಧನ ಸಿಗದಿದ್ದರೂ ನಡೆಯುವಂತಿದ್ದರೆ ಮಾತ್ರ ಕಸುಬು ಆರಂಭಿಸುವುದು ವಿವೇಕ.

ಸಾಗಣೆ ಮತ್ತು ಮಾರಾಟ

ಸಾಗಿಸುವ ಮುನ್ನ 24 ಗಂಟೆ ಮೀನಿಗೆ ಆಹಾರ ಕೊಡಬಾರದು. ಇಲ್ಲವಾದರೆ ಚೀಲದ ನೀರು ಮಲದಿಂದ ಕೆಡುತ್ತದೆ. ಮೂಲೆ ಮಡಚಿದ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಮೂರರಲ್ಲೊಂದು ಭಾಗ ನೀರು, ಉಳಿದ ಭಾಗ ಆಮ್ಲಜನಕ ತುಂಬಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟರೆ ಸಾಗರದಿಂದ ಬೆಂಗಳೂರಿಗೆ ಒಂದು ರಾತ್ರಿಯ ಪಯಣ ತೊಂದರೆಯಿಲ್ಲದೆ ಮುಗಿಯುತ್ತದೆ. ಜಗಳಗಂಟ ಗಂಡುಗಳನ್ನು ಒಂದೊಂದಾಗಿಯೇ ಕಟ್ಟಬೇಕು. ಮೆದು ನೀರಿನಲ್ಲಿ ಬೆಳೆದ ಮೀನನ್ನು ನಗರದ ಗಡಸು ನೀರಿಗೆ ಒಮ್ಮೆಲೇ ಸುರಿದರೆ ಅದು ಬಳಲುತ್ತದೆ. ನಮ್ಮ ತೊಟ್ಟಿಯ ಪಿಎಚ್ ಮತ್ತು ಟಿ.ಡಿ.ಎಸ್. ಅಂಕಿಗಳನ್ನು ಚೀಟಿಯಲ್ಲಿ ಬರೆದು ಚೀಲಕ್ಕೆ ಅಂಟಿಸುವ ಸಣ್ಣ ಶಿಸ್ತು ಖರೀದಿದಾರನ ವಿಶ್ವಾಸ ಗಳಿಸಿಕೊಡುತ್ತದೆ. ಬೆಂಗಳೂರು, ಮಂಗಳೂರುಗಳಲ್ಲದೆ ದೇಶದ ದೊಡ್ಡ ಅಲಂಕಾರಿಕ ಮೀನು ಕೇಂದ್ರವಾದ ಚೆನ್ನೈನ ಕೊಳತ್ತೂರಿನ ಸಗಟು ವ್ಯಾಪಾರಿಗಳನ್ನೂ ಸಂಪರ್ಕಿಸಬಹುದು.

ಹೊಳೆಯ ಕಡೆಗೆ ನಮ್ಮ ಹೊಣೆ

ಮೊಟ್ಟೆ ಮರಿಗಳನ್ನು ಕಾಯುವ ಗುಣವೇ ಸಿಕ್ಲಿಡ್‌ಗಳನ್ನು ಸಾಕಣೆಗೆ ಆಕರ್ಷಕವಾಗಿಸಿದೆ. ಹೊರಗಿನ ನೀರಿನಲ್ಲಿ ಅಪಾಯಕಾರಿಯಾಗಿಸುವುದೂ ಅದೇ ಗುಣ. ಆಫ್ರಿಕಾ ಮೂಲದ ಮೊಜಾಂಬಿಕ್ ತಿಲಾಪಿಯಾವನ್ನು 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತರಲಾಯಿತು. ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಆ ಮೀನು ಕೆರೆ, ಜಲಾಶಯಗಳನ್ನೆಲ್ಲ ವ್ಯಾಪಿಸಿ ಸ್ಥಳೀಯ ಮೀನುಗಳಿಗೆ ಪೈಪೋಟಿಯಾಯಿತು. ಹಿಂದಕ್ಕೆ ಕಳುಹಿಸುವ ದಾರಿ ಯಾರಿಗೂ ಇಲ್ಲ. ದಕ್ಷಿಣ ಅಮೆರಿಕದ ಕುಬ್ಜ ಸಿಕ್ಲಿಡ್‌ಗೆ ನಮ್ಮ ಹಳ್ಳಗಳ ಮೆದು ನೀರು ತವರಿನಂತೆಯೇ ಇರುವುದರಿಂದ ಇಲ್ಲಿ ಎಚ್ಚರಿಕೆ ಇಮ್ಮಡಿಯಾಗಬೇಕು.

ಶರಾವತಿ ಕಣಿವೆಯಿಂದ 2004ರಲ್ಲಿ 'ಬಟಾಸಿಯೊ ಶರಾವತಿಯೆನ್ಸಿಸ್', 2006ರಲ್ಲಿ ನಾಗೋಡಿಯ ಹೆಸರು ಹೊತ್ತ 'ಶಿಸ್ಟುರಾ ನಾಗೋಡಿಯೆನ್ಸಿಸ್' ಎಂಬ ಮೀನುಗಳನ್ನು ವಿಜ್ಞಾನಕ್ಕೆ ಹೊಸದಾಗಿ ಪರಿಚಯಿಸಲಾಯಿತು. ಇನ್ನೂ ಹೊಸ ಜೀವಿಗಳು ಬೆಳಕಿಗೆ ಬರುತ್ತಿರುವ ಹೊಳೆಗಳಿವು. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ಜನರೇ ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಆದ್ದರಿಂದ ತೊಟ್ಟಿಯ ನೀರನ್ನು ಹಳ್ಳಕ್ಕೆ ಹರಿಸದೆ ಸಣ್ಣ ಕಣ್ಣಿನ ಬಲೆಯ ಮೂಲಕ ಸೋಸಿ ಇಂಗುಗುಂಡಿಗೆ ಅಥವಾ ಎತ್ತರದಲ್ಲಿರುವ ಗಿಡಗಳಿಗೆ ಬಿಡಬೇಕು. ಆ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ. ನೆರೆ ಬರುವ ತಗ್ಗಿನಲ್ಲಿ ಮೀನಿನ ಕೋಣೆ ಕಟ್ಟಬಾರದು. ಬೇಡವಾದ ಮೀನನ್ನು 'ಪಾಪ' ಎಂದು ಹೊಳೆಗೆ ಬಿಡುವುದು ಪುಣ್ಯದ ಕೆಲಸವಲ್ಲ.

ಅಷ್ಟೇ ಮುಖ್ಯವಾಗಿ, ಹೊಳೆಯ ಮೀನನ್ನು ಹಿಡಿದು ಮಾರುವ ಸುಲಭದ ದಾರಿಯೂ ಸಲ್ಲದು. ಪಶ್ಚಿಮಘಟ್ಟದ ಡೆನಿಸನ್ ಬಾರ್ಬ್, ಅಂದರೆ 'ಮಿಸ್ ಕೇರಳ', ವಿದೇಶಿ ಬೇಡಿಕೆಯಿಂದಾಗಿ ಹೊಳೆಗಳಿಂದ ಬರಿದಾಗತೊಡಗಿದಾಗ 2008ರಲ್ಲಿ ಕೇರಳ ಸರ್ಕಾರ ಅದರ ಹಿಡಿಯುವಿಕೆಗೆ ನಿರ್ಬಂಧ ವಿಧಿಸಬೇಕಾಯಿತು. ಅಷ್ಟರಲ್ಲಿ ಆಗ್ನೇಯ ಏಷ್ಯಾದ ಸಾಕಣೆದಾರರು ಅದನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸಿ ಮಾರುಕಟ್ಟೆಗೆ ಇಳಿದಿದ್ದರು. ಮೀನು ನಮ್ಮ ಹೊಳೆಯದು, ವ್ಯಾಪಾರ ಬೇರೆಯವರದು ಎಂಬ ಸ್ಥಿತಿ ಉಂಟಾದುದು ಮರಿ ಮಾಡಿಸುವ ವಿದ್ಯೆಯನ್ನು ಕಡೆಗಣಿಸಿದ್ದರಿಂದ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿನಲ್ಲಿರುವ ನಮ್ಮದೇ ಕೆನರಾ ಪರ್ಲ್‌ಸ್ಪಾಟ್‌ಗೆ ಆ ಗತಿ ಬರಬಾರದು. ಅಪಿಸ್ಟೊಗ್ರಾಮ, ಕ್ರಿಬ್‌ಗಳ ಮೇಲೆ ಪಳಗಿದ ಕೈಗಳು ಮುಂದೆ ತಜ್ಞರ ಮಾರ್ಗದರ್ಶನದಲ್ಲಿ, ಕಾನೂನಿನ ಚೌಕಟ್ಟಿನಲ್ಲಿ ದೇಶೀಯ ಸಿಕ್ಲಿಡ್‌ಗಳ ಸಾಕಣೆಗೆ ತೊಡಗಬಹುದು. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯ ಘಟ್ಟದ ಕೆಳಗೆ ಹತ್ತಿರದಲ್ಲಿಯೇ ಇರುವುದು ಈ ನಿಟ್ಟಿನಲ್ಲಿ ಅನುಕೂಲಕರ.

ಆಸಕ್ತರು ಒಂದು ತೊಟ್ಟಿ, ಆರು ಎಳೆಯ ಕಕಟುವಾಯ್ಡಿಸ್ ಮತ್ತು ಒಂದು ದಿನಚರಿ ಪುಸ್ತಕದಿಂದ ಆರಂಭಿಸುವುದು ಸೂಕ್ತ. ನೀರಿನ ಉಷ್ಣತೆ, ಪಿಎಚ್, ಮೊಟ್ಟೆಯಿಟ್ಟ ದಿನ, ಉಳಿದ ಮರಿಗಳ ಸಂಖ್ಯೆ, ಖರ್ಚು ಇವನ್ನು ತಪ್ಪದೆ ಬರೆದಿಡಬೇಕು. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ದಾಟಿ, ಎರಡು ಮೂರು ಸಲ ಮರಿಗಳನ್ನು ಮಾರುವ ಗಾತ್ರಕ್ಕೆ ತಂದ ಬಳಿಕ ಆ ಪುಸ್ತಕದ ಅಂಕಿಗಳೇ ಹತ್ತು ತೊಟ್ಟಿ ಹಾಕಬೇಕೇ ಬೇಡವೇ ಎಂಬುದನ್ನು ಹೇಳುತ್ತವೆ.